ಇದರ ಮ್ಯಾಲೆ ಯಾರು ಮಲಗತಿದ್ರು?

ಹಳೆಯ ಗಾದಿಯನ್ನು ಅಂಗಳಕ್ಕೆ ತಂದು ಹಾಕಿದ ಕೂಡಲೇ ಜನ್ನತ ನದಾಫ ಕತ್ತರಿ ಕೈಗೆತ್ತಿಕೊಳ್ಳುವುದಿಲ್ಲ. ಮನೆಯವರ ಮುಖ ನೋಡಿ ಮೊದಲು ಒಂದು ಮಾತು ಕೇಳುತ್ತಾಳೆ: "ಇದರ ಮ್ಯಾಲೆ ಯಾರು ಮಲಗತಿದ್ರು?"

ಹೊಸಬರಿಗೆ ಇದು ಚೇಷ್ಟೆಯ ಪ್ರಶ್ನೆಯಂತೆ ಕೇಳುತ್ತದೆ. ಖಾನಾಪುರ ತಾಲೂಕಿನ ಎಷ್ಟೋ ಸೊಸೆಯಂದಿರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಾರೆ. ನಗುವವರು ನಗಲಿ ಬಿಡಿ. ಗಾದಿ ಮಾಡುವ ನದಾಫರ ಮನೆತನದಲ್ಲಿ ಇದು ಅಜ್ಜ ಮುತ್ತಜ್ಜರಿಂದ ಬಂದ ನೇಮ. ಬಾಣಂತಿಯ ಗಾದಿ ಬಿಚ್ಚಿ ಹಿಂಜಿದ ಅರಳೆಯನ್ನು ಮಗಳ ಮದುವೆಗೆ ಹಾಕಬಹುದು. ತೀರಿಹೋದವರ ಗಾದಿಯ ಅರಳೆ ಮಾತ್ರ ಆ ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗುವಂತಿಲ್ಲ, ಮದುವಣಗಿತ್ತಿಯ ಮೈಗಂತೂ ತಾಕಲೇಬಾರದು. ಅದಕ್ಕೇ ಕತ್ತರಿಗಿಂತ ಮೊದಲು ಪ್ರಶ್ನೆ. ಪಾರಿಶ್ವಾಡದಲ್ಲಿ ಆ ದಿನವೂ ಜನ್ನತ ಕೇಳಿದ್ದಳು. ಎರಡು ಮನೆಯವರನ್ನೂ ಕೇಳಿದ್ದಳು, ಎರಡು ಕಡೆಯಿಂದಲೂ ಉತ್ತರ ಬಂದಿತ್ತು. ಆದರೂ ಎಡವಟ್ಟಾಯಿತು. ಅದನ್ನೇ ಹೇಳಹೊರಟಿದ್ದೇನೆ, ಆದರೆ ಅದಕ್ಕೂ ಮೊದಲು ಈ ಹುಡುಗಿ ಟೆಂಪೊ ಹತ್ತಿದ್ದು ಹೇಗೆ ಅನ್ನುವುದು ಗೊತ್ತಾಗಬೇಕು.

ಜನ್ನತ ಹುಟ್ಟಿದ್ದು ಬೆಳಗಾವಿಯ ದರಬಾರ ಗಲ್ಲಿಯ ಹಿಂದಿನ ಸಂದಿಯಲ್ಲಿ. ತಂದೆ ಕಲಂದರ ಬಿಸಿಲು ಬಲಿತ ಮೇಲೆ ಊರು ಬಿಟ್ಟರೆ ಮಿರಗದ ಮಳೆ ಬೀಳುವವರೆಗೆ ಇಟಗಿ, ಬೀಡಿ, ನಂದಗಡ, ಪಾರಿಶ್ವಾಡ ಅಂತ ಗಾದಿ ಮಾಡುತ್ತ ತಿರುಗುವವನು. ಸಾಲೆಗೆ ಬೇಸಿಗೆಯ ಸೂಟಿ ಬಿತ್ತೆಂದರೆ ಮಗಳೂ ಜೊತೆಗೆ. ಟೆಂಪೊದಲ್ಲಿ ಹಿಂಜಿದ ಅರಳೆಯ ಗಂಟಿನ ಮೇಲೆ ಅಂಗಾತ ಮಲಗಿ, ಹಿಂದಕ್ಕೆ ಓಡುವ ಮರಗಳನ್ನು ನೋಡುತ್ತ ಹೋಗುವುದು, ಗೊತ್ತಿಲ್ಲದ ಊರು, ಗೊತ್ತಿಲ್ಲದ ಅಂಗಳ, "ಯಾರ ಮಗಳವಾ ನೀ?" ಅಂತ ಕೇಳಿ ಬೆಲ್ಲ ಕೈಗಿಡುವ ಹೆಂಗಸರು. ಅವಳ ಬಾಲ್ಯ ಅಂದರೆ ಇದೇ, ಉಳಿದದ್ದೆಲ್ಲ ಸಾಲೆ.

ಅಣ್ಣ ಮುದಸ್ಸರನಿಗೆ ಈ ತಿರುಗಾಟ ಕಂಡರಾಗದು. ಅದರಲ್ಲಿ ಅವನದೇನೂ ತಪ್ಪಿಲ್ಲ. ಅರಳೆಯ ಧೂಳು ಕುಡಿದು ಕುಡಿದು ತಂದೆ ಕೆಮ್ಮುತ್ತಲೇ ತೀರಿಹೋದದ್ದನ್ನು ಹಾಸಿಗೆಯ ಪಕ್ಕ ಕೂತು ನೋಡಿದವನು ಅವನು. ಆಮೇಲೆ ಹಿಂಜುವ ಮಷಿನ್ನಿನ ಮೇಲೆ ತಾಡಪತ್ರಿ ಮುಚ್ಚಿದ, ಫೋಮ್ ಗಾದಿಗಳ ಅಂಗಡಿ ಹಾಕಿದ, ತಂಗಿಯನ್ನು ಬಿ.ಕಾಂ. ಓದಿಸಿದ. ಒಂದು ಕಾಲೇಜಿನ ಆಫೀಸಿನಲ್ಲಿ ಅವಳಿಗೆ ಕೆಲಸವೂ ಸಿಕ್ಕಿತು. ಕೊರಳಿಗೆ ಐಡಿ ಕಾರ್ಡು, ತಲೆಯ ಮೇಲೆ ಫ್ಯಾನು, ಎದುರಿಗೊಂದು ಅಂಗೈ ಅಗಲದ ಕಿಟಕಿ. ಕಿಟಕಿಯಲ್ಲಿ ಫಾರ್ಮು ಬರುತ್ತಿತ್ತು, ಇವಳು ಮುದ್ರೆ ಒತ್ತಿ ಆಚೆ ಕೊಡುತ್ತಿದ್ದಳು.

ಮೂರು ವರ್ಷ ಕಳೆದು ಕೆಲಸ ಕಾಯಂ ಆದ ಪತ್ರ ಕೈಗೆ ಬಂದ ದಿನ ಅವಳಿಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಇನ್ನು ಮೂವತ್ತು ಮೂವತ್ತೈದು ವರ್ಷ ಇದೇ ಕಿಟಕಿ! ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಹೋಗುವ ಬದಲು ಬಸ್‌ಸ್ಟ್ಯಾಂಡಿಗೆ ಹೋಗಿ ಖಾನಾಪುರದ ಬಸ್ಸು ಹತ್ತಿದಳು. ಯಾಕೆ ಹತ್ತಿದೆ ಅಂತ ಅವಳಿಗೆ ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಕಿಟಕಿಯ ಪಕ್ಕ ಕೂತಿದ್ದೆ, ಗಾಳಿ ಬಡಿಯಿತು, ಅತ್ತುಬಿಟ್ಟೆ, ಅಷ್ಟೇ ಅನ್ನುತ್ತಾಳೆ. ಮರುದಿನ ಕೆಲಸ ಬಿಟ್ಟಳು.

ಮನೆಯಲ್ಲಿ ದೊಡ್ಡ ರಂಪವಾಯಿತು.

"ಹುಡುಗಿ ಏನ್ ಮಾಡ್ತಾಳ ಅಂತ ಬೀಗರಾಗವರು ಕೇಳಿದ್ರ ಏನ್ ಹೇಳ್ಲಿ? ಊರೂರು ಅಡ್ಡಾಡ್ತಾಳ ಅಂತ ಹೇಳ್ಲೇನು?" ಅಂತ ಮುದಸ್ಸರ ಕೂಗಾಡಿದ.

"ಗಾದಿ ಮಾಡ್ತಾಳ ಅಂತ ಹೇಳು ಭೈಯಾ. ಅಬ್ಬಾ ಮಾಡತಿದ್ದಿಲ್ಲೇನು?"

"ಮಾಡತಿದ್ದ. ಮಾಡಿ ಎದಿ ತುಂಬ ಅರಳಿ ತುಂಬಕೊಂಡು ಹ್ವಾದ."

ಈ ಮಾತಿಗೆ ಉತ್ತರ ಕೊಟ್ಟದ್ದು ಮದರಬೀ. ಮದರಬೀ ಅಂದರೆ ಕಲಂದರನ ಅಕ್ಕ, ಇವರಿಗೆ ಫುಫ್ಫು. ಗಂಡ ಸತ್ತ ಮೇಲೆ ತಮ್ಮನ ಜೊತೆ ಇಪ್ಪತ್ತು ಬೇಸಿಗೆ ಊರೂರು ತಿರುಗಿ ದಬ್ಬಣ ಹಿಡಿದವಳು. ಎಲೆಯಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತು, "ಆಕಿ ಬಾಯಿಗಿ ಅರಿವಿ ಕಟಗೊಂಡು ಹಿಂಜತಾಳ. ಬಾಜೂಕ ನಾ ಕುಂದರತೀನಿ. ಟೆಂಪೊದ ಕೀಲಿ ಕೊಡು," ಅಂದಳು.

ಮುದಸ್ಸರ ಕೀಲಿ ಕೊಟ್ಟ, ಆದರೆ ಕರಾರು ಹಾಕಿ ಕೊಟ್ಟ. ಒಂದು ಬೇಸಿಗೆ ಮಾತ್ರ. ಟೆಂಪೊ ಅವನ ಹೆಸರಿನದು. "ಯಾವುದಾರ ಊರಿಂದ ಒಂದು, ಒಂದ ಒಂದು ತಕರಾರು ಬಂತಂದ್ರ ಕೀಲಿ ನನ್ನ ಕೈಯಾಗ ಇಡಬೇಕು. ಬಂದು ಅಂಗಡಿಯಾಗ ಕುಂದರಬೇಕು. ಹುಡುಗನ್ನ ತೋರಸ್ತೀನಿ, ಒಲ್ಲೆ ಅನಬಾರದು." ಟೆಂಪೊದ ಮೈಮೇಲೆ "ನದಾಫ ಗಾದಿ ಕಾರಖಾನೆ, ಬೆಳಗಾವಿ" ಅಂತ ಬರೆಸಿ ಕೆಳಗೆ ತನ್ನ ಮೊಬೈಲ್ ನಂಬರು ಬರೆಸಿದ. ಹೆಣ್ಣುಮಕ್ಕಳ ನಂಬರನ್ನು ಊರ ಮುಂದೆ ಬರೆಸಲು ಬರುತ್ತದೆಯೇ? ಹಾಗಾಗಿ ಯಾವ ಊರಿನಲ್ಲಿ ಯಾರಿಗೆ ಸಿಟ್ಟು ಬಂದರೂ ಫೋನು ಹೋಗುವುದು ನೇರ ಅವನಿಗೆ. ಜನ್ನತ ಎಲ್ಲಿಗೆ ಹೋದರೂ ಆ ಹತ್ತು ಅಂಕಿ ಬೆನ್ನಿಗೆ ಬಿದ್ದೇ ಇರುತ್ತಿದ್ದವು. ಅಣ್ಣನ ಹೆಸರು ಮೊಬೈಲಿನಲ್ಲಿ ಮೂಡಿದರೆ ಸಾಕು, ಯಾವ ದಿಂಬು ಹರಿಯಿತೋ, ಯಾವ ಹೊಲಿಗೆ ಬಿಚ್ಚಿತೋ ಅಂತ ಅವಳ ಎದೆ ಧಸಕ್ಕೆನ್ನುತ್ತಿತ್ತು. ಎರಡು ತಿಂಗಳು ಹೀಗೇ ಜೀವ ಕೈಯಲ್ಲಿ ಹಿಡಿದು ಕಳೆದಳು. ಒಂದೂ ತಕರಾರು ಬರಲಿಲ್ಲ.

ಏಪ್ರಿಲಿನಲ್ಲಿ ಟೆಂಪೊ ಪಾರಿಶ್ವಾಡಕ್ಕೆ ಬಂತು. ಊರ ನಡುವಿನ ಸಮುದಾಯ ಭವನದ ಮುಂದೆ ಮಷಿನ್ ಇಳಿಸಿದರು. ಮೊದಲು ಬಂದವಳು ಕಾಶವ್ವ. ಮೂರು ಓಣಿಯ ಆಚೆಗೂ ಕೇಳಿಸುವ ಗಂಟಲು ಅವಳದು. ಮೊಮ್ಮಗಳು ಪ್ರಮಿಳಾಳ ಮದುವೆ ಮುಂದಿನ ವಾರ. ಕಾಶವ್ವ ತನ್ನ ಗಾದಿಯನ್ನೇ ಬಿಚ್ಚಿಸಿ ಮೊಮ್ಮಗಳಿಗೆ ಹೊಸದು ಮಾಡಿಸಲು ತಂದಿದ್ದಳು.

"ಇದರ ಮ್ಯಾಲೆ ಯಾರು ಮಲಗತಿದ್ರು ಆಯಿ?"

"ನಾನು, ಮತ್ತ ಈ ಮೂಳಿ. ನಾಕ ವರ್ಷದಾಕಿ ಇದ್ದಾಗಿಂದ ನನ್ನ ಡುಬ್ಬಕ್ಕ ಒದಕೋತ ಮಲಗ್ಯಾಳ. ಇನ್ನ ಮ್ಯಾಲೆ ಯಾರನ್ನ ಒದೀತಾಳೋ ಒದೀಲಿ," ಅಂತ ಕಾಶವ್ವ ಮೊಮ್ಮಗಳ ತಲೆಗೊಂದು ಮೊಟಕಿದಳು. ಪ್ರಮಿಳಾ ನಾಚಿ ಅಜ್ಜಿಯ ಬೆನ್ನ ಹಿಂದೆ ಸೇರಿಕೊಂಡಳು.

ಎರಡನೆಯವನು ಗುರುಪುತ್ರಪ್ಪ. ಕರೆಂಟಿನ ಆಫೀಸಿನಲ್ಲಿ ಲೈನ್‌ಮನ್ ಆಗಿ ರಿಟಾಯರ್ ಆದವನು. ಗಾದಿಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದು, ಇಳಿಸಿ, ಟವೆಲ್ಲಿನಿಂದ ಬೆವರೊರೆಸಿಕೊಂಡ. ಜನ್ನತ ಕೇಳಿದ್ದಕ್ಕೆ ಗಾದಿಯ ಮೂಲೆಯನ್ನು ಅಂಗೈಯಿಂದ ಸವರಿದ.

"ನಮ್ಮಾಕಿ," ಅಂದ. "ಸಾತವ್ವ. ದೀಪಾವಳಿ ಮುಂದ ಹ್ವಾದ್ಲು. ಇದನ್ನ ಬಿಚ್ಚಿ ನನಗ ಒಬ್ಬಗ ಆಗೂವಷ್ಟ ಮಾಡಿ ಕೊಡವಾ. ಖೋಳಿ ಮಾತ್ರ ಹಿಂತಾದ್ದ ನೀಲಿ ಪಟ್ಟೀದ್ದು ಬೇಕು. ಆಕೀನ ಆರಿಸಿ ತಂದದ್ದು."

ಖೋಳಿ ಅಂದರೆ ಗಾದಿಯ ಮೇಲ್ಬಟ್ಟೆ. ಅಂಥ ನೀಲಿ ಪಟ್ಟೆಯದು ಟೆಂಪೊದಲ್ಲಿ ಇರಲಿಲ್ಲ. ಬೆಳಗಾವಿಯ ಖಡೇಬಜಾರದಿಂದ ತಂದು ವಾರದೊಳಗೆ ಮುಟ್ಟಿಸುತ್ತೇನೆ ಅಂತ ಜನ್ನತ ಮಾತು ಕೊಟ್ಟಳು.

ಎರಡೂ ಗಾದಿಗಳನ್ನು ಬೇರೆ ಬೇರೆ ಬಿಚ್ಚಿ, ಬೇರೆ ಬೇರೆ ಹಿಂಜಿ, ಎರಡು ತಾಡಪತ್ರಿಯ ಮೇಲೆ ಗುಡ್ಡೆ ಹಾಕಿದರು. ಬಲಗಡೆಯದು ಕಾಶವ್ವನದು, ಎಡಗಡೆಯದು ಗುರುಪುತ್ರಪ್ಪನದು. ಮದುವೆಯ ಅರಳೆಗೆ ಮದರಬೀ ಮಾಡುವ ಒಂದು ಕೆಲಸವುಂಟು: ಐದು ಹತ್ತಿಬೀಜಗಳನ್ನು ಕೆಂಪು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ, ಮನಸ್ಸಿನಲ್ಲೇ ದುವಾ ಹೇಳಿ, ಗುಡ್ಡೆಯೊಳಗೆ ಹುದುಗಿಸುತ್ತಾಳೆ. ಆ ದಿನವೂ ಹುದುಗಿಸಿದಳು. ಜನ್ನತ ಖೋಳಿ ಹೊಲಿಯುತ್ತ ನೋಡುತ್ತಿದ್ದಳು.

ಅಷ್ಟರಲ್ಲಿ ಅವಕಾಳಿ, ಅಂದರೆ ಅಕಾಲದ ಮಳೆ. ಮೂಡಣದಿಂದ ಗಾಳಿ ಎದ್ದು ಅರಳೆ ಹಾರತೊಡಗಿತು. "ಬೇಟಾ, ಗಂಟು ಕಟ್ಟು, ಗಂಟು ಕಟ್ಟು!" ಅಂತ ಮದರಬೀ ಕೂಗಿಕೊಂಡಳು. ಅವಳ ಮೊಣಕಾಲು ನೋವಿನವು, ಓಡಲಾರಳು. ಜನ್ನತ ಒಬ್ಬಳೇ ಎರಡೂ ತಾಡಪತ್ರಿಗಳ ಮೂಲೆ ಕೂಡಿಸಿ ಕಟ್ಟಿ, ಟೆಂಪೊದ ಪಕ್ಕದಿಂದ ಒಳಗೆ ನೂಕಿ, ಮೇಲೆ ಮುಚ್ಚಿ, ತಾನು ತೊಯ್ದು ತೊಪ್ಪೆಯಾಗಿ ಭವನದೊಳಗೆ ಓಡಿದಳು. ತಾಸಿನಲ್ಲಿ ಮಳೆ ನಿಂತಿತು. ಈ ಸಲ ಟೆಂಪೊದ ಹಿಂಬಾಗಿಲು ತೆರೆದು, ಬಲಗಡೆಯ ಗಂಟನ್ನು ಇಳಿಸಿ, ಕಾಶವ್ವನ ಗಾದಿ ತುಂಬಿ ಹೊಲಿದಳು. ಪಕ್ಕದಿಂದ ತುಂಬಿದ್ದನ್ನು ಹಿಂದಿನಿಂದ ತೆಗೆದರೆ ಬಲ ಬಲವಾಗಿಯೇ ಉಳಿಯುತ್ತದೆಯೇ ಅಂತ ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಕೈಗೆ ಗೊತ್ತಾಗಲಿಲ್ಲವೇ ಅಂತ ಕೇಳಬೇಡಿ. ಹಿಂಜಿದ ಹಳೆಯ ಅರಳೆ ಯಾರ ಮನೆಯದಾದರೂ ಒಂದೇ ಥರ. ನಂಬಿಕೆಯಿಲ್ಲದಿದ್ದರೆ ನೀವೇ ಎರಡು ಹಿಡಿ ಎದುರಿಗಿಟ್ಟುಕೊಂಡು ನೋಡಿ. ಕೆಂಪು ಗಂಟು ಅರಳೆಯ ನಡುವೆ ಎಲ್ಲೋ ಹುದುಗಿದೆ ಅಂತ ಇಬ್ಬರೂ ಹುಡುಕಿ ನೋಡಲಿಲ್ಲ.

ಮುಂದಿನ ಬುಧವಾರ ಜನ್ನತ ದೇಸೂರದಲ್ಲಿದ್ದಳು. ಸ್ಟೇಶನ್ನಿನ ಹತ್ತಿರದ ಒಂದು ಮನೆಯಲ್ಲಿ ಲೋಡು, ಒರಗುದಿಂಬುಗಳ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಅದೇ ಕಟ್ಟೆಯ ಮೇಲೆ ನೀಲಿ ಪಟ್ಟೆಯ ಖೋಳಿ ಹಾಸಿ, ಗುರುಪುತ್ರಪ್ಪನ ಗಂಟು ಬಿಚ್ಚಿ ಅರಳೆ ತುಂಬತೊಡಗಿದಳು. ಮೂರನೆಯ ಹಿಡಿಗೆ ಬೆರಳಿಗೇನೋ ಗಟ್ಟಿಯಾಗಿ ತಾಕಿತು. ಎಳೆದು ನೋಡಿದಳು. ಕೆಂಪು ಬಟ್ಟೆಯ ಗಂಟು. ಒಳಗೆ ಐದು ಹತ್ತಿಬೀಜ.

ಇದು ಕಾಶವ್ವನ ಅರಳೆ. ಹಾಗಾದರೆ ಪಾರಿಶ್ವಾಡದ ಮದುವೆ ಮನೆಯಲ್ಲಿ, ಹೊಸ ಸೀರೆಗಳ ಪಕ್ಕ, ಅರಿಸಿನದ ಬೊಟ್ಟಿಟ್ಟು ಮಡಿಸಿಟ್ಟ ಆ ಗಾದಿಯಲ್ಲಿ ಇರುವುದು ಸಾತವ್ವ ಪ್ರಾಣ ಬಿಟ್ಟ ಗಾದಿಯ ಅರಳೆ. ಮದುವೆ ಭಾನುವಾರ.

"ಫುಫ್ಫು," ಅಂದಳು. ಅಂಗೈ ಚಾಚಿ ಗಂಟನ್ನು ತೋರಿಸಿದಳು.

ಮದರಬೀ ಎಲೆಗೆ ಸುಣ್ಣ ಸವರುತ್ತಿದ್ದವಳು ಬೆರಳನ್ನು ಅಲ್ಲಿಯೇ ನಿಲ್ಲಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಾರಿಗಾರ ಗೊತ್ತಾಗತೈತೇನು?" ಅಂತ ಜನ್ನತ ಕೇಳಿದಳು.

"ಹೆಂಗ ಗೊತ್ತಾಗತೈತಿ? ನನಗ ನಿನಗ ಬಿಟ್ರ ಯಾರಿಗೂ ಗೊತ್ತಾಗೂದಿಲ್ಲ."

ಜನ್ನತ ಕಟ್ಟೆಯ ಮೇಲೆ ಕೂತು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾನು ಓದಿದವಳು, ಅರಳೆಗೆ ಸಾವು ಅಂಟಿಕೊಳ್ಳುವುದಿಲ್ಲ. ಸರಿ, ಆದರೆ ಕಾಶವ್ವನ ನಂಬಿಕೆಯಲ್ಲಿ ಅಂಟಿಕೊಳ್ಳುತ್ತದಲ್ಲ. ಹೇಳದೆ ಬಿಟ್ಟರೆ? ನಾಳೆ ಪ್ರಮಿಳಾಳಿಗೆ ಒಂದು ಜ್ವರ ಬಂದರೂ ತನಗೆ ಆ ಗಾದಿಯೇ ಕಣ್ಣ ಮುಂದೆ ಬರುತ್ತದೆ. ಹೇಳಿದರೆ? ಆ ಗಂಟಲಿನ ಕಾಶವ್ವ ಸುಮ್ಮನಿರುವವಳೇ? ಟೆಂಪೊದ ಮೇಲಿನ ನಂಬರು ನೋಡಿ ಫೋನು ಹಚ್ಚುತ್ತಾಳೆ. ಕೀಲಿ ಅಣ್ಣನ ಕೈಗೆ, ತಾನು ಅಂಗಡಿಯೊಳಗೆ. ಇನ್ನೆಂದೂ ಅರಳೆ ತುಂಬಿದ ಗಾಡಿಯಲ್ಲಿ ಕೂತು ಗೊತ್ತಿಲ್ಲದ ಊರಿಗೆ ಹೋಗುವುದಿಲ್ಲ. ಆಫೀಸಿನ ಆ ಕಿಟಕಿ ನೆನಪಾಯಿತು.

ಅದೇ ಹೊತ್ತಿಗೆ ಮೊಬೈಲ್ ಬಡಿದುಕೊಂಡಿತು. ಮುದಸ್ಸರ!

"ಎಲ್ಲಿದ್ದಿ?" ಅಂದ ಅಣ್ಣ. "ಇವತ್ತ ಮನಿಗಿ ಬಂದುಬಿಡು. ಶನಿವಾರ ನೋಡಾಕ ಬರಾಕತ್ತಾರ. ಹುಡುಗ ಚಲೋ ಅದಾನ. ಎರಡ ದಿನ ಮನ್ಯಾಗಿದ್ದು ಬಿಸಲಿನ ಮಾರಿ ತಣ್ಣಗ ಮಾಡ್ಕೋ."

"ಇನ್ನ ಒಂದು ಕೆಲಸ ಐತಿ ಭೈಯಾ," ಅಂತ ಹೇಳಿ ಫೋನು ಇಟ್ಟಳು. ಯಾವ ಕೆಲಸ ಅಂತ ಅವಳಿಗೇ ಇನ್ನೂ ಗೊತ್ತಿರಲಿಲ್ಲ.

"ಏನ್ ಮಾಡ್ಲಿ ಫುಫ್ಫು?"

"ನನ್ನ ಕೇಳಬ್ಯಾಡ. ಗಾಡಿ ಹೊಡಿಯಾಕಿ ನೀ. ನೀ ಯಾವ ಕಡಿ ಹೊಳ್ಳಸ್ತಿ, ನಾ ಆ ಕಡಿ ಬರ್ತೀನಿ," ಅಂದಳು ಮದರಬೀ, ಎಲೆ ಮಡಿಸಿ ಬಾಯಿಗಿಟ್ಟುಕೊಂಡು.

ದೇಸೂರದಿಂದ ದೊಡ್ಡ ರಸ್ತೆಗೆ ಬಂದರೆ ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಖಾನಾಪುರ. ಕೂಡುರಸ್ತೆಯಲ್ಲಿ ಟೆಂಪೊ ನಿಂತುಬಿಟ್ಟಿತು. ಹಿಂದಿನಿಂದ ಬಸ್ಸಿನವನು ಹಾರ್ನು ಬಡಿದ, ತಲೆ ಹೊರಗೆ ಹಾಕಿ ಮರಾಠಿಯಲ್ಲಿ ಬೈದ. ಜನ್ನತ ಸ್ಟೇರಿಂಗನ್ನು ಖಾನಾಪುರದ ಕಡೆ ತಿರುಗಿಸಿದಳು. ದಾರಿಯಲ್ಲಿ ಟೆಂಪೊ ಕೆಟ್ಟು ನಿಂತರೆ ಸಾಕು ಅಂತ ಎರಡು ಸಲ ಅನಿಸಿತು. ಹಾಳಾದ ಟೆಂಪೊ, ಅವತ್ತೇ ಎಲ್ಲ ದಿನಕ್ಕಿಂತ ಚೆನ್ನಾಗಿ ಓಡಿತು.

ಕಾಶವ್ವನ ಮನೆಯ ಮುಂದೆ ಮದುವೆಯ ಹಂದರ ಎದ್ದಿತ್ತು. ಗೋಡೆಯ ಮೇಲೆ ವಧುವರರ ಹೆಸರು ಬರೆಯಲು ಕೆಂಪು ಬಣ್ಣದ ಡಬ್ಬಿ, ಕುಂಚ ಇಟ್ಟಿದ್ದರು. ಐದಾರು ಹೆಂಗಸರು ಶ್ಯಾವಿಗೆ ಒಣಹಾಕುತ್ತಿದ್ದರು. ಟೆಂಪೊ ಕಂಡ ಕಾಶವ್ವನ ಮುಖ ಅರಳಿತು.

"ಬಾ ಬಾ ಜನ್ನತವ್ವಾ! ಮದಿವಿಗಿ ಇನ್ನ ನಾಕ ದಿನ ಐತಿ, ಈಗ ಬಂದ್ಯಲ್ಲ! ಕುಂದರ್ರಿ ಮದರಬೀ. ಏ ಪ್ರಮಿಳಾ, ಚಹಾ ಇಡು!"

ಇಷ್ಟು ಪ್ರೀತಿಯಿಂದ ಕರೆದವರ ಮುಂದೆ ಬಾಯಿ ಬಿಡುವುದು ಹೇಗೆ? ಚಹಾ ಕುಡಿದರೆ ಮಾತು ಗಂಟಲಲ್ಲೇ ಉಳಿಯುತ್ತದೆ ಅಂತ ಜನ್ನತಳಿಗೆ ಗೊತ್ತಿತ್ತು. ನಿಂತ ಕಾಲಲ್ಲೇ ಹೇಳಿಬಿಟ್ಟಳು. ಮಳೆ ಬಂದದ್ದು, ಗಂಟು ಅದಲುಬದಲಾದದ್ದು, ದೇಸೂರದಲ್ಲಿ ಕೆಂಪು ಗಂಟು ಸಿಕ್ಕದ್ದು. ಹೇಳಿ ಮುಗಿಸಿ ಗಂಟನ್ನು ಕಾಶವ್ವನ ಮುಂದೆ ಹಿಡಿದಳು.

ಶ್ಯಾವಿಗೆಯ ಹೆಂಗಸರ ಕೈ ನಿಂತವು. ಕಾಶವ್ವ ಹಂದರ ಹಾರಿಹೋಗುವಂತೆ ಕೂಗಿದಳು.

"ಹಂದರ ಹಾಕಿದ ಮನ್ಯಾಗ ನಿಂತು ಇಂಥಾ ಮಾತ ಆಡ್ತಿಯಲ್ಲ! ನಿಮ್ಮಪ್ಪ ಕಲಂದರ ಅಷ್ಟ ವರ್ಷ ಈ ಊರಿಗಿ ಬಂದ, ಒಂದ ದಿನಾ ಹಿಂಗ ಮಾಡಲಿಲ್ಲ. ಸತ್ತಾಕಿ ಅರಳಿ ತಂದು ನನ್ನ ಮೊಮ್ಮಗಳ ಗಾದಿಗಿ ತುಂಬಿದೀ? ಯಾರಲೇ ಅಲ್ಲೆ, ನನ್ನ ಫೋನ್ ತಗೊಂಡ ಬಾ!"

ಫೋನು ಬಂತು. ಕಾಶವ್ವ ಟೆಂಪೊದ ಎದುರಿಗೆ ನಿಂತು, ಕಣ್ಣು ಕಿರಿದು ಮಾಡಿ, ನಂಬರಿನ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿ ಒತ್ತತೊಡಗಿದಳು. ಒಂಬತ್ತು. ಎಂಟು. ನಾಲ್ಕು. ನಡುವೆ ಒಂದು ತಪ್ಪಿ ಮತ್ತೆ ಮೊದಲಿನಿಂದ ಒತ್ತಿದಳು. ಬೇಡ ಆಯಿ, ಬೇಡ ಅಂತ ಕಾಲು ಹಿಡಿಯಬೇಕು ಅನಿಸಿತು ಜನ್ನತಳಿಗೆ. ಹಿಡಿಯಲಿಲ್ಲ. ಹತ್ತನೆಯ ಅಂಕಿಯೂ ಆಯಿತು. ಆಮೇಲೆ ಕಾಶವ್ವ ಮುದಸ್ಸರನಿಗೆ ಅಂದದ್ದನ್ನು ಇಲ್ಲಿ ಬರೆಯಲು ಬರುವಂತಿಲ್ಲ.

ಫೋನು ಮುಗಿದ ಮೇಲೆ ಕಾಶವ್ವ ಒಳಕ್ಕೆ ನಡೆದಳು. "ಹೊರಗ ಒಗೀರಿ ಆ ಗಾದಿ. ಸುಟ್ಟುಬಿಡ್ರಿ!"

"ಸುಡಬ್ಯಾಡ್ರಿ ಆಯಿ," ಅಂದಳು ಜನ್ನತ. "ಬಿಚ್ಚಿ ಇವತ್ತ ಸರಿ ಮಾಡ್ತೀನಿ. ನಿಮ್ಮ ಅರಳಿ ಗಾಡಿಯಾಗ ಐತ್ರಿ."

"ಹೊಲಿದ ಮದಿವಿ ಗಾದಿಗಿ ಕತ್ತರಿ ಹಚ್ಚೂದಿಲ್ಲ. ಅಷ್ಟೂ ಗೊತ್ತಿಲ್ಲೇನ ನಿನಗ?"

ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಪ್ರಮಿಳಾ ತಾಟನ್ನು ಕಟ್ಟೆಯ ಮೇಲಿಟ್ಟಳು. ಒಳಗೆ ಹೋಗಿ ಗಾದಿಯನ್ನು ತಾನೇ ಎಳೆದುಕೊಂಡು ಹಂದರದೊಳಗೆ ತಂದಳು. "ಇದು ನನ್ನ ಗಾದಿ ಅಲ್ಲಂದ ಮ್ಯಾಲೆ ಮದಿವಿ ಗಾದಿ ಹೆಂಗಾತು ಆಯಿ? ನನಗ ನಿನ್ನ ಗಾದಿ ಬೇಕು," ಅಂದು, ಜನ್ನತಳ ಕೈಯಿಂದ ಕತ್ತರಿ ಕಸಿದುಕೊಂಡು ಮೊದಲ ಹೊಲಿಗೆಯನ್ನು ಕಚಕ್ಕನೆ ಕತ್ತರಿಸಿಬಿಟ್ಟಳು. ಕಾಶವ್ವ ತಲೆಯ ಮೇಲೆ ಕೈಹೊತ್ತು ಕೂತಳು.

ಸುದ್ದಿ ಓಣಿ ತಿರುಗಿ ಗುರುಪುತ್ರಪ್ಪನಿಗೆ ಮುಟ್ಟಿತು. ಹೆಗಲಿಗೆ ಟವೆಲ್ ಹಾಕಿಕೊಂಡು ಬಂದ. ಹಂದರದಲ್ಲಿ ಎರಡು ಗುಡ್ಡೆ ಅರಳೆ, ನಡುವೆ ಜನ್ನತ. ಅವನನ್ನು ಕಂಡಾಗಲೇ ಅವಳಿಗೆ ಹೊಳೆದದ್ದು: ದೇಸೂರದಿಂದ 'ಮದುವಣಗಿತ್ತಿ, ಮದುವಣಗಿತ್ತಿ' ಅಂತ ಹೆದರುತ್ತ ಬಂದೆ, ಕೀಲಿ ಹೋಗುತ್ತದೆ ಅಂತ ನಡುಗುತ್ತ ಬಂದೆ, ಈ ಮನುಷ್ಯನ ನೆನಪೇ ಆಗಲಿಲ್ಲ.

"ಅಜ್ಜಾರ, ತಪ್ಪಾತ್ರಿ," ಅಂದಳು.

ಗುರುಪುತ್ರಪ್ಪ ಅರಳೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಒಂದು ಹಿಡಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. ಆಚೆಯ ಗುಡ್ಡೆಯಿಂದಲೂ ಒಂದು ಹಿಡಿ ತೆಗೆದು ಮೂಸಿದ. ಎರಡನ್ನೂ ಕೆಳಗಿಟ್ಟ.

"ನನಗ ಗೊತ್ತಾಗವಲ್ದವಾ," ಅಂದ. "ನಲವತ್ತ ವರ್ಷ ಬಾಜೂಕ ಮಲಗೀನಿ, ಗೊತ್ತಾಗವಲ್ದು. ಇದು ಆಕೀದ ಹೌದಂತ ಖರೇ ಹೇಳ್ತಿಯೇನು?"

"ಖರೇ ಹೇಳ್ತೀನ್ರಿ. ಕೆಂಪ ಗಂಟು ಆ ಕಡಿ ಅರಳ್ಯಾಗ ಸಿಕ್ಕೈತಿ. ಇದು ಸಾತವ್ವಾರದ್ದ."

ಮುದುಕ ತಲೆಯಾಡಿಸಿದ. "ನೀ ಹೇಳದ ಸುಮ್ಮನಿದ್ದಿದ್ರ, ನಾ ಕಾಶವ್ವನ ಅರಳಿ ಮ್ಯಾಲೆ ಮಲಕ್ಕೊಂಡು ದಿನಾ ನಮ್ಮಾಕಿ ಜೋಡಿ ಮಾತಾಡ್ತಿದ್ನಲ್ಲವಾ."

ಶ್ಯಾವಿಗೆಯ ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದು ನಕ್ಕಳು, ಮರುಕ್ಷಣವೇ ನಾಲಗೆ ಕಚ್ಚಿಕೊಂಡಳು. ಕಾಶವ್ವ ಸೆರಗು ಎಳೆದುಕೊಂಡು ಮುಖ ಆಚೆ ತಿರುಗಿಸಿದಳು. ಜನ್ನತಳಿಗೆ ಅಳು ತಡೆಯಲಾಗಲಿಲ್ಲ. ದಬ್ಬಣಕ್ಕೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿ ಅತ್ತಳು.

ತಲೆ ಎತ್ತಿದಾಗ ಹಂದರದ ಕಂಬದ ಹತ್ತಿರ ಮುದಸ್ಸರ ನಿಂತಿದ್ದ. ಕೈಯಲ್ಲಿ ಹೆಲ್ಮೆಟ್ಟು. ಬೆಳಗಾವಿಯಿಂದ ಬೈಕು ಹೊಡೆದುಕೊಂಡು ಬಂದಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನು ಕೈ ಚಾಚಲಿಲ್ಲ, ಆದರೂ ಜನ್ನತ ಎದ್ದು ಹೋಗಿ ಟೆಂಪೊದ ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. ಮಾತು ಮಾತೇ.

"ಈ ಎರಡು ಗಾದಿ ಹೊಲಿದ ಮ್ಯಾಲೆ ಹೋಗೂಣು ಭೈಯಾ. ಅಷ್ಟ ತನಕ ತಡಿ."

ಮುದಸ್ಸರ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಅರಳೆ ತುಂಬುವಾಗ ಖೋಳಿಯ ಆಚೆಯ ತುದಿಯನ್ನು ಒಬ್ಬರು ಎತ್ತಿ ಹಿಡಿಯಬೇಕು. ಮದರಬೀ ಮೊಣಕಾಲು ಹಿಡಿದುಕೊಂಡು ಏಳಲು ಹೆಣಗುತ್ತಿದ್ದಳು. ಅವನು ಹೆಲ್ಮೆಟ್ಟು ಕೆಳಗಿಟ್ಟು, ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಬಂದು ಆ ತುದಿ ಹಿಡಿದ. ತಂದೆ ಸತ್ತ ಮೇಲೆ ಅವನು ಅರಳೆ ಮುಟ್ಟಿದ್ದು ಅದೇ ಮೊದಲು. ಎರಡು ಸಲ ಕೆಮ್ಮಿದ, ತುದಿ ಬಿಡಲಿಲ್ಲ. ಅಣ್ಣ ತಂಗಿ ಕೂಡಿ ಪ್ರಮಿಳಾಳ ಗಾದಿ ಮುಗಿಸಿದರು, ಗುರುಪುತ್ರಪ್ಪನದನ್ನೂ ಮುಗಿಸಿದರು. ಮದರಬೀ ಕೆಂಪು ಗಂಟನ್ನು ಸೇರಬೇಕಾದ ಗಾದಿಯಲ್ಲೇ ಸೇರಿಸಿದಳು, ಎರಡು ಸಲ ಮುಟ್ಟಿ ನೋಡಿದಳು. ಮುದುಕ ತನ್ನ ನೀಲಿ ಪಟ್ಟೆಯ ಗಾದಿಯನ್ನು ಯಾರಿಗೂ ಕೊಡದೆ ತಾನೇ ಹೊತ್ತುಕೊಂಡು ಹೋದ. ಕಾಶವ್ವ ಚಹಾ ಮತ್ತೊಮ್ಮೆ ಕಾಸಿ ಕಳಿಸಿದಳು, ಅಷ್ಟೇ.

ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮುದಸ್ಸರ ಟೆಂಪೊದ ಮುಂದೆ ನಿಂತು ತನ್ನ ನಂಬರನ್ನೇ ನೋಡುತ್ತಿದ್ದ. ಆಮೇಲೆ ಪ್ರಮಿಳಾಳನ್ನು ಕೇಳಿ ಗೋಡೆಗೆ ತಂದಿದ್ದ ಕೆಂಪು ಬಣ್ಣದ ಡಬ್ಬಿ ಇಸಿದುಕೊಂಡ. ಕುಂಚ ಅದ್ದಿ, ತನ್ನ ಹತ್ತು ಅಂಕಿಗಳ ಮೇಲೆ ದಪ್ಪಗೆ ಎಳೆದುಬಿಟ್ಟ. ಟೆಂಪೊ ಮಾರಲು ತಯಾರಿ ಅಂದುಕೊಂಡಳು ಜನ್ನತ.

"ನಿನ್ನ ನಂಬರ ಹೇಳು," ಅಂದ.

"ಭೈಯಾ?"

"ಹೇಳು ಅಂದ್ನೆಲ್ಲ. ಆಯಿ ಬೈಗಳಾ ನಾ ಬೆಳಗಾವ್ಯಾಗ ಕುಂತು ತಿಂದೆ, ಅಂಗಡಿ ತುಂಬ ಗಿರಾಕಿ ಇದ್ರು. ಇನ್ನ ಮ್ಯಾಲೆ ನಿನ್ನ ಬೈಗಳಾ ನೀನ ತಿನ್ನು."

ಜನ್ನತ ಒಂದೊಂದೇ ಅಂಕಿ ಹೇಳಿದಳು. ಅವನು ಕೆಳಗೆ ಸೊಟ್ಟಸೊಟ್ಟಗೆ ಬರೆದ. ಬಣ್ಣ ಸೋರಿ ಕೊನೆಯ ಏಳು ಉದ್ದವಾಯಿತು. ಕೀಲಿಯನ್ನು ಸೀಟಿನ ಮೇಲಿಟ್ಟು ಬೈಕಿನ ಕಡೆ ನಡೆದವನು ತಿರುಗಿ ನಿಂತ.

"ಶನಿವಾರ ಅವರಿಗಿ ಏನ್ ಹೇಳ್ಲಿ?"

"ಖರೇದ್ದ ಹೇಳು."

"ಹೇಳಿದ್ರ ಬರೂದಿಲ್ಲ ಅವರು."

"ಬರದಿದ್ರ ಬಿಡಲಿ."

ಮುದಸ್ಸರ ಇನ್ನೇನೋ ಅನ್ನಲು ಹೋಗಿ, "ಬಾಯಿಗಿ ಅರಿವಿ ಕಟ್ಕೋ. ದಿನಾ ಕಟ್ಕೋ," ಅಂತಷ್ಟೇ ಹೇಳಿ ಹೋದ.

ಕೀಲಿ ಸಿಕ್ಕಿತು, ಹೆದರಿಕೆ ಹೋಯಿತು ಅಂದುಕೊಂಡಿರಾ? ಎಲ್ಲಿ ಹೋಗುತ್ತದೆ? ಇಷ್ಟು ದಿನ ನಡುವೆ ಅಣ್ಣನಿದ್ದ. ಈಗ ಹರಿದ ದಿಂಬು, ಬಿಚ್ಚಿದ ಹೊಲಿಗೆ, ಅದಲುಬದಲಾದ ಅರಳೆ, ಎಲ್ಲವೂ ನೇರವಾಗಿ ಇವಳ ಕಿವಿಗೇ. ಊರು ದಾಟಿ ಎರಡು ಮೈಲಿ ಬಂದಿದ್ದರೋ ಇಲ್ಲವೋ, ಮೊಬೈಲ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಜನ್ನತ ಮದರಬೀಯ ಮುಖ ನೋಡಿದಳು. ಮದರಬೀ ಹೊರಗೆ ನೋಡುತ್ತ ಎಲೆ ಅಗಿಯುತ್ತಿದ್ದಳು. ಟೆಂಪೊವನ್ನು ರಸ್ತೆಯ ಬದಿಗೆ ನಿಲ್ಲಿಸಿ, ಫೋನು ಎತ್ತಿದಳು.

"ಗಾದಿ ಮಾಡೋ ಅಕ್ಕಾರೇನ್ರಿ? ಕಾಶವ್ವಾರ ಮನಿ ಮುಂದ ಗಾಡಿ ಮ್ಯಾಲೆ ನಂಬರ ನೋಡಿದ್ನಿರಿ. ನಮ್ಮಲ್ಲೆ ಒಂದು ಹಳೇ ಗಾದಿ ಐತ್ರಿ, ಬಾಳ ದಿನದಿಂದ ಕಟ್ಟಿಟ್ಟೀವಿ."

ಬೈಗುಳವಲ್ಲ, ಕೆಲಸ.

"ಅದರ ಮ್ಯಾಲೆ ಯಾರು ಮಲಗತಿದ್ರು ಅಕ್ಕಾ?"

ಆ ಕಡೆಯ ಹೆಂಗಸು ಮೆಲ್ಲಗೆ ಹೇಳತೊಡಗಿದಳು. ಜನ್ನತ ಟೆಂಪೊ ಬಂದ್ ಮಾಡಿ ಕೇಳುತ್ತ ಕೂತಳು.